ಹಾಡಹಗಲೇ ಹಚ್ಚಿಟ್ಟ ದೀಪ

ಮೊನ್ನೆ ಮನೆಯ ಮುಂದೆ ಗಾದಿ ಹೊಲಿಯುವವನು ಹತ್ತಿ ಹಿಂಜುತ್ತಿದ್ದ. ಆ ಧೂಳು ಮೂಗಿಗೆ ಬಡಿದು ಎರಡು ಸಲ ಸೀನಿದೆ, ಅಷ್ಟೇ... ರಾಯಚೂರು ಪೇಟೆಯ ಅಡತಿ ಅಂಗಡಿ ಕಣ್ಣಿಗೆ ಕಟ್ಟಿತು. ಅದರೊಳಗೆ ಕೂತ ಕಾಕಾ ಕೂಡ. ಬೇಡವೆಂದರೂ ಬರುತ್ತಾರೆ.

ಸ್ವಂತ ಕಾಕಾ ಅಲ್ಲ. ಪಕ್ಕದ ಮನೆಯವರು, ರೈತರ ಹತ್ತಿಯನ್ನು ದಲಾಲಿಯ ಮೇಲೆ ಮಾರಿಕೊಡುವ ಸಾಹುಕಾರರು. ಅಪ್ಪ ತೀರಿಕೊಂಡ ಮೇಲೆ ಮಲ್ಲಟದ ನಮ್ಮ ಹೊಲದ ಹತ್ತಿ ಅವರ ಅಂಗಡಿಗೇ ಹೋಗುತ್ತಿತ್ತು. ಮಹಾಯುದ್ಧ ಮುಗಿದ ಆ ವರ್ಷದ ಹತ್ತಿ ಮಾರಿದರೆ, ನಾನು ಹೈದರಾಬಾದಿಗೆ ಹೋಗಿ ಶಿಕ್ಷಕಿಯ ತರಬೇತಿ ಸೇರಲು ಅವ್ವ ಒಪ್ಪಿದ್ದಳು. ಟ್ರಂಕನ್ನೂ ತಂದಾಗಿತ್ತು.

“ಈಗ ಮಾರಬ್ಯಾಡ್ರಿ ವೈನೀ,” ಎಂದರು ಕಾಕಾ. “ಯುದ್ಧ ಮುಗದದ. ಇನ್ನ ಮಿಲ್ಲು ಹೆಚ್ಚಾಗ್ತಾವ, ವ್ಯಾಪಾರ ಬೆಳೀತದ. ಎರಡು ತಿಂಗಳು ತಡೀರಿ, ಧಾರಣಿ ಹೆಂಗ ಏರ್ತದ ನೋಡ್ರಿ.”

ಅವ್ವ ಅನುಮಾನಿಸಿದಳು. ಪೇಟೆಯಲ್ಲಿ ಆಗಲೇ ಎರಡು ಮೂರು ಅಂಗಡಿಗಳು ದಿವಾಳಿ ಎದ್ದಿದ್ದವು. ಅವಳನ್ನು ಒಪ್ಪಿಸಿದವಳು ನಾನೇ. ಕಾಕಾ ಹೇಳಿದ ಮೇಲೆ ಮುಗಿಯಿತು ಎಂದು ದೊಡ್ಡ ಜಾಣೆಯ ಹಾಗೆ ವಾದಿಸಿದೆ.

ಧಾರಣೆ ಏರುವುದಿರಲಿ, ದಿನದಿನಕ್ಕೆ ಇಳಿಯಿತು. ಬಂದಷ್ಟಕ್ಕೆ ಮಾರಿಬಿಡಿ ಎಂದು ಹೇಳಲು ಒಂದು ಮಧ್ಯಾಹ್ನ ಅಂಗಡಿಗೆ ಹೋದೆ. ಒಳಗೆ ಹಣತೆ ಉರಿಯುತ್ತಿತ್ತು, ಕಾಕಾ ಇರಲಿಲ್ಲ. ಪೂಜೆ ಇರಬೇಕೆಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿದು ನಿಂತೆ. ಹತ್ತಿಯ ಅಂಡಿಗೆ ಹೊರುವ ಹಮಾಲ ನನ್ನ ಕಡೆ ನೋಡಿ, “ಯವ್ವಾ, ಅದು ದೇವ್ರ ದೀಪ ಅಲ್ಲ. ಗಾದಿ ನೋಡ್ರಿ,” ಎಂದ. ಕಾಕಾ ಕೂಡುವ ಗಾದಿ ಮಗುಚಿ ಬಿದ್ದಿತ್ತು. ಸಾಲ ಕೊಟ್ಟವರಿಗೆ ಮುಖ ತೋರಿಸಲಾರದ ಸಾಹುಕಾರ ಹಾಡಹಗಲೇ ದೀಪ ಹಚ್ಚಿ, ಗಾದಿ ಮಗುಚಿಟ್ಟು ಎದ್ದುಹೋಗುವುದು ಆಗಿನ ಪದ್ಧತಿ. ನೋಡಿದವರು ತಿಳಿದುಕೊಳ್ಳಬೇಕು. ನಾನು ದಿವಾಳಿಗೆ ಕೈಮುಗಿದಿದ್ದೆ!

ನಮ್ಮ ಹತ್ತಿಯನ್ನು ಅವರು ಎಂದೋ ಮಾರಿಕೊಂಡಿದ್ದರು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು, ವ್ಯಾಪಾರದಲ್ಲಿ ಯಾರಾದರೂ ಮುಳುಗುತ್ತಾರೆ. ಆದರೆ ಹಮಾಲ ಇನ್ನೊಂದು ಮಾತು ಹೇಳಿದ: “ಸಾವ್ಕಾರ್ರು ಅವರ ತಮ್ಮನ ಹತ್ತಿ ಮಾತ್ರ ಹೋದ ವಾರನ ವಾಪಸ್ ದೇವದುರ್ಗಕ್ಕ ಕಳಿಸ್ಯಾರ. ನಾನ ಬಂಡಿಗೆ ಹೇರೀನಿ.”

ಅಂಗಡಿ ಮುಳುಗುತ್ತದೆಂದು ತಮ್ಮನಿಗೆ ಹೇಳಿದ್ದರು, ನಮಗೆ ಹೇಳಲಿಲ್ಲ. ಅದೇ ವಾರ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, “ಏರ್ತದ, ತಡೀರಿ,” ಎಂದು ಹೋಗಿದ್ದರು... ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ.

ಅವ್ವ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮಾನ್ವಿಗೆ ಮದುವೆ ಮಾಡಿಕೊಟ್ಟಳು. ಟ್ರಂಕಿನಲ್ಲಿ ಸೀರೆಗಳು ಹೋದವು.

ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಸುದ್ದಿ ಬಂದಾಗ ಒಳ್ಳೆಯದಾಯಿತು ಎಂದೆ, ಆಮೇಲೆ ಒಲೆಯ ಮುಂದೆ ಕೂತು ಅತ್ತೆ. “ಹುಡುಗಿ ಜಾಣಿ ಅದಾಳ, ಓದಸ್ರಿ ವೈನೀ,” ಎಂದು ಅವ್ವನಿಗೆ ಮೊದಲು ಹೇಳಿದವರು ಅವರೇ. ಇವತ್ತಿನವರೆಗೆ ಆ ಮಾತನ್ನು ನನ್ನ ಬಗ್ಗೆ ಇನ್ಯಾರೂ ಹೇಳಿಲ್ಲ.