ಎರಡೂಮುಕ್ಕಾಲು ಗಂಟೆಯ ಮೊಸರು

ನಾನು ಚಿಕ್ಕವಳಾಗಿದ್ದಾಗ ಜಾವಗಲ್ಲಿನ ನಮ್ಮ ಮನೆಯಲ್ಲಿ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಹೇಳುತ್ತಿರಲಿಲ್ಲ. ಹಳೇಬೀಡೆಂದರೆ ಎರಡು ಸಲ ಎಲೆಅಡಿಕೆ ಹಾಕುವಷ್ಟು, ಅರಸೀಕೆರೆಯೆಂದರೆ ಒಂದು ನಿದ್ದೆ ತೆಗೆಯುವಷ್ಟು. ಅಂಥ ಮನೆಗೆ ಅಪ್ಪ ಎಲ್ಲಿಂದಲೋ ‘ಎರಡೂಮುಕ್ಕಾಲು ಗಂಟೆ’ ಎಂಬ ಮಾತನ್ನು ಹೊತ್ತು ತಂದರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಪ್ಪನ ತಂಗಿ ಶಾರದತ್ತೆ ದೆಹಲಿಯಲ್ಲಿ ಏಳು ತಿಂಗಳ ಬಸುರಿ. ಪ್ರಯಾಣ ಮಾಡಕೂಡದೆಂದು ಡಾಕ್ಟರು ಹೇಳಿದ್ದರು. ಫೋನು ಮಾಡಿದಾಗಲೆಲ್ಲ ಅವಳದು ಒಂದೇ ಬಯಕೆ, ಅವ್ವ, ಎಂದರೆ ನನ್ನ ಅಜ್ಜಿ, ಹೆಪ್ಪು ಹಾಕಿದ ಎಮ್ಮೆ ಮೊಸರು. ಬೇರೇನೂ ಬಾಯಿಗೆ ಸೇರುತ್ತಿರಲಿಲ್ಲವಂತೆ. ಅಪ್ಪ ವಿಮಾನದಲ್ಲಿ ಹೋಗಿ ನೋಡಿ ಬರುವುದೆಂದು ಹೊರಟರು, ಜೊತೆಗೆ ನಾನು.

“ಎಷ್ಟೊತ್ತಾಯ್ತದ್ಲಾ ಅಲ್ಲಿಗೆ?” ಅಜ್ಜಿ ಕೇಳಿದಳು.

“ಎರಡೂಮುಕ್ಕಾಲು ಗಂಟೆ ಕಣವ್ವ. ಹಾಸನಕ್ಕೆ ಹೋಗಿ ಬಂದಂಗೆ,” ಎಂದು ಅಪ್ಪ ಮೀಸೆ ತಿರುವಿದರು. ಅವರು ಅದುವರೆಗೆ ವಿಮಾನವನ್ನು ಕೆಳಗೆ ನಿಂತು ನೋಡಿದವರೇ ಹೊರತು ಹತ್ತಿದವರಲ್ಲ.

ಅಜ್ಜಿ ನಂಬಿಬಿಟ್ಟಳು. ಹೊತ್ತು ಕಡಿಮೆಯೆಂದು ಹಾಲನ್ನು ತುಸು ಬಿಸಿಯಾಗಿಯೇ ಇಟ್ಟು, ಹೆಪ್ಪನ್ನೂ ಧಾರಾಳವಾಗಿ ಹಾಕಿದಳು. ಸ್ಟೀಲ್ ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿ ನನ್ನ ಕೈಗಿಟ್ಟಳು.

“ಅಲ್ಲಾಡಿಸ್ಬ್ಯಾಡ ಕಣೇ, ಒಡ್ದೋಯ್ತದೆ. ನೀವು ಡೆಲ್ಲಿ ಮುಟ್ಟೋ ಹೊತ್ಗೆ ಸರ್ಯಾಗಿ ಮೊಸರಾಗಿರ್ತೈತೆ.”

ಅರಸೀಕೆರೆಗೆ ಬಸ್ಸು, ಬೆಂಗಳೂರಿಗೆ ರೈಲು, ವಿಮಾನ ನಿಲ್ದಾಣಕ್ಕೆ ಮತ್ತೆ ಬಸ್ಸು. ರೈಲಿನಲ್ಲಿ ಬಿಸಿ ಬಿಸಿ ಕಡಲೆಕಾಯಿ ಬಂದರೂ ನಾನು ಡಬ್ಬಿಯಿಂದ ಕೈ ತೆಗೆಯಲಿಲ್ಲ. ಕಾಲು ಜೋಮು ಹಿಡಿದಿತ್ತು.

“ಎರಡೂಮುಕ್ಕಾಲು ಗಂಟೆ ಯಾವಾಗ ಶುರುವಾಗೋದಪ್ಪ?”

“ಸುಮ್ಕಿರು,” ಎಂದರು ಅಪ್ಪ. ಅಷ್ಟರಲ್ಲಿ ಸಂಜೆಯಾಗಿತ್ತು.

ತಪಾಸಣೆಯ ಕಡೆ ಸಮವಸ್ತ್ರದವನೊಬ್ಬ ಬಟ್ಟೆ ಬಿಚ್ಚಿ ನೋಡಿದ. ಮೊಸರು ಗಟ್ಟಿಯಾಗಿ ಕೆನೆಗಟ್ಟಿ ಕೂತಿತ್ತು, ಹುಳಿಯ ವಾಸನೆಯೂ ಶುರುವಾಗಿತ್ತು. ಇದನ್ನು ಒಳಗೆ ಬಿಡುವುದಿಲ್ಲ, ಇಲ್ಲೇ ತಿನ್ನಿ, ಇಲ್ಲವೇ ತೊಟ್ಟಿಗೆ ಸುರಿಯಿರಿ ಎಂದ. ನಮ್ಮ ಬಟ್ಟೆಯ ಪೆಟ್ಟಿಗೆಯೊಳಗಾದರೂ ಇಡೋಣವೆಂದರೆ ಅದು ಆಗಲೇ ವಿಮಾನಕ್ಕೆ ಹೋಗಿತ್ತು. ಬಸುರಿ ಹೆಂಗಸಿಗೆ ಎಂದು ಅಪ್ಪ ಬರುವಷ್ಟು ಹಿಂದಿಯಲ್ಲಿ ಬೇಡಿಕೊಂಡರು. ಆಗಲಿಲ್ಲ. ಅಜ್ಜಿಯ ಕೈಯದನ್ನು ತೊಟ್ಟಿಗೆ ಸುರಿಯಲು ಮನಸ್ಸು ಬರದೆ ಗೋಡೆ ಪಕ್ಕ ನಿಂತು ಇಬ್ಬರೂ ಬರಿಗೈಯಲ್ಲಿ ಬಳಿದು ತಿಂದೆವು. ಸಿಟ್ಟಿಗೆ ನನಗೆ ಅಳು ಬಂತು. ಬೆಳಗಿನಿಂದ ನಾನು ಜೋಪಾನ ಮಾಡಿದ್ದು ಇದಕ್ಕಾ?

ದೆಹಲಿಯಲ್ಲಿ ಶಾರದತ್ತೆ ಬಾಗಿಲಲ್ಲೇ ಡಬ್ಬಿ ಕಿತ್ತುಕೊಂಡಳು. ಮುಚ್ಚಳ ತೆಗೆದು ನೋಡಿ, “ಬರೀ ಡಬ್ಬಿ ತಂದ್ಯೇನಣ್ಣ?” ಎಂದಳು. ಅವಳು ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ಡಬ್ಬಿಯ ಅಂಚಿಗೆ ಮೆತ್ತಿದ್ದ ಮೊಸರನ್ನು ಬೆರಳಲ್ಲಿ ಬಳಿದು, ಉಗುರುಬೆಚ್ಚಗಿನ ಹಾಲಿಗೆ ಕಲಸಿ ಮುಚ್ಚಿಟ್ಟಳು.

ಮಾರನೆಯ ದಿನ ಅವಳು ಅನ್ನಕ್ಕೆ ಮೊಸರು ಕಲಸಿಕೊಂಡು ಉಣ್ಣುತ್ತಿದ್ದಾಗ ಅಜ್ಜಿಯ ಫೋನು ಬಂತು. “ಮೊಸರಾಗಿತ್ತೇನ್ಲಾ?”

“ಸರ್ಯಾಗಿ ಆಗೈತೆ ಕಣವ್ವ,” ಎಂದರು ಅಪ್ಪ.

ಈಗ ನಾನು ಕೆಲಸಕ್ಕೆಂದು ದೆಹಲಿಗೆ ಆಗಾಗ ಹೋಗಿ ಬರುತ್ತೇನೆ. ಅಜ್ಜಿ ಇಲ್ಲ, ಎಮ್ಮೆ ಮಾರಿಯಾಯಿತು, ಜಾವಗಲ್ಲಿನ ಮನೆಯಲ್ಲೂ ಪ್ಯಾಕೆಟ್ ಮೊಸರು. ವಿಮಾನಕ್ಕೆ ಇವತ್ತಿಗೂ ಅದೇ ಎರಡೂಮುಕ್ಕಾಲು ಗಂಟೆ. ನಾನು ಮುಟ್ಟುವ ಹೊತ್ತನ್ನು ಲೆಕ್ಕ ಹಾಕಿ ಹಾಲಿಗೆ ಹೆಪ್ಪು ಹಾಕುವವರು ಮಾತ್ರ ಎರಡು ಊರಿನಲ್ಲೂ ಇಲ್ಲ.