ಬೆಳೆಯಲೆಂದು ಹಿಡಿಸಿದ ಸೋಮವಾರ

ನನ್ನ ಅಕ್ಕನ ಅತ್ತೆಯ ಉಪವಾಸವನ್ನು ನೋಡಿಯೇ ಹೊಟ್ಟೆ ತುಂಬಬೇಕು. ಸಾಬೂದಾನಿ ಉಪ್ಪಿಟ್ಟು, ಶೇಂಗಾ ಉಂಡಿ, ನಾಲ್ಕು ಬಾಳೆಹಣ್ಣು, ಮೇಲೊಂದು ಲೋಟ ಗಟ್ಟಿ ಹಾಲು. ಉಳಿದ ದಿನ ಅವರು ಇಷ್ಟು ತಿಂದದ್ದನ್ನು ನಾನಂತೂ ಕಂಡಿಲ್ಲ. ನಿಜವಾದ ಉಪವಾಸ ಮಾಡಲು ಆ ಮನೆಯಲ್ಲಿ ಬೇರೆಯವಳಿದ್ದಳು.

ಅಕ್ಕ, ಭಾವ ಇಬ್ಬರೂ ಎಚ್‌ಐವಿಯಿಂದ ಒಬ್ಬರ ಹಿಂದೊಬ್ಬರು ಹೋದರು. ಅವರ ಒಬ್ಬಳೇ ಮಗಳಿಗೂ ಹುಟ್ಟಿನಿಂದ ಅದು ಬಂದಿತ್ತು. ಹಳಿಯಾಳದ ಹತ್ತಿರದ ಊರಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಳು. ಬೆಳೆಯುತ್ತಿದ್ದಳು ಅನ್ನುವುದು ಬರೀ ಮಾತಿಗೆ. ಹನ್ನೊಂದು ತುಂಬಿದವಳು ಆರರವಳಂತೆ ಕಾಣುತ್ತಿದ್ದಳು. ಸಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಅವಳನ್ನು ಒಂದನೇ ಇಯತ್ತೆಯವರ ಜೊತೆ ನಿಲ್ಲಿಸುತ್ತಿದ್ದರಂತೆ, ಸಾಲು ಚೆಂದ ಕಾಣಲಿ ಅಂತ. ಮಾಸ್ತರರಿಗೆ ಅಷ್ಟಾದರೂ ಕಣ್ಣಿತ್ತಲ್ಲ.

ಸರ್ಕಾರದ ಗುಳಿಗೆ ಪುಕ್ಕಟೆ ಸಿಗಲು ಶುರುವಾದ ಮೇಲೆ ನಾನೇ ದಾಂಡೇಲಿಯಿಂದ ಹೋಗಿ ಅಜ್ಜಿ ಮೊಮ್ಮಗಳನ್ನು ಹುಬ್ಬಳ್ಳಿಗೆ ಕರೆದೊಯ್ದೆ. ಡಾಕ್ಟರು ಹುಡುಗಿಯನ್ನು ತೂಕ ಮಾಡಿ ಅತ್ತೆಗೆ ಬಿಡಿಸಿ ಹೇಳಿದರು. "ಗುಳಿಗಿ ಒಂದ ಸಾಲೂದಿಲ್ರಿ. ಈ ರೋಗ ಇದ್ದ ಮಕ್ಕಳಿಗೆ ಬ್ಯಾರೆ ಮಕ್ಕಳಿಗಿಂತ ಜಾಸ್ತಿ ಊಟ ಬೇಕು. ದಿನಕ್ಕ ನಾಕೈದು ಸಲ ತಿನ್ನಸ್ರಿ. ತೂಕ ಏರಲಿಲ್ಲಂದ್ರ ಕೂಸು ಉಳಿಯೂದು ಕಷ್ಟ ಐತಿ." ಅತ್ತೆ ತಲೆ ಮೇಲೆ ಸೆರಗು ಎಳೆದುಕೊಂಡು ಎಲ್ಲಕ್ಕೂ ಹೂಂ ಅಂದರು.

ಮುಂದಿನ ಶ್ರಾವಣದ ಒಂದು ಸೋಮವಾರ ನಾನು ಹೋದಾಗ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂಡಿದ್ದರು. ಎಲ್ಲರದೂ ಉಪವಾಸ, ಎಲ್ಲರ ಬಾಯಿಯೂ ಆಡುತ್ತಿತ್ತು. ಹುಡುಗಿ ಮಾತ್ರ ಗೋಡೆಗೆ ಒರಗಿ ಒಂದು ತಂಬಿಗೆ ನೀರು ಇಟ್ಟುಕೊಂಡು ಕೂತಿದ್ದಳು. ಕೈ ಹಿಡಿದರೆ ಬರೀ ಎಲುಬು.

"ಅಕಿದು ಹರಕಿ ಉಪಾಸ," ಅಂದರು ಅತ್ತೆ. "ಕಡಕ್ ಇರಬೇಕು. ಉಳವಿ ದೇವರಿಗೆ ಬೇಡಿಕೊಂಡೇನಿ. ಸೋಮವಾರ, ಗುರುವಾರ, ಅಮಾಸಿಗೆ ಬರೇ ನೀರು. ಶ್ರಾವಣದಾಗ ಉಳದ ದಿನಾನೂ ಒಪ್ಪತ್ತು. ಕೂಸು ಬೆಳೀಲಿ ಅಂತ."

"ಬೆಳೀಲಿ ಅಂತ ಉಪಾಸ ಕೆಡವೂದು ಯಾವ ಊರ ಪದ್ಧತಿ ಅತ್ತಿ? ನಿಮ್ಮ ಎಮ್ಮಿಗೂ ಸೋಮವಾರ ಹಿಡಿಸೀರೇನು?"

ಎಮ್ಮೆಗೆ ಯಾಕೆ ಹಿಡಿಸುತ್ತಾರೆ, ಹಾಲು ಬತ್ತಿದರೆ ನಷ್ಟ ಯಾರಿಗೆ? ಹೆಂಗಸರು ಬಾಯಲ್ಲಿದ್ದದ್ದನ್ನು ನುಂಗಿ, ಈ ವಯಸ್ಸಿಗೇ ಕೂಸಿನ ನಿಷ್ಠೆ ಎಂಥಾದ್ದು ಅಂತ ಹೊಗಳಿದರು. ಅವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮೊದಲೇ ರೋಗ ತಿಂದುಹಾಕಿದ ಮೈ, ಅದರ ಮೇಲೆ ಇವರ ಭಕ್ತಿ. ಏಕಾದಶಿ ಮನೆಗೆ ಶಿವರಾತ್ರಿ ಬಂದ ಹಾಗಾಗಿತ್ತು.

ಅತ್ತೆಯ ತಾಟಿನಿಂದಲೇ ಒಂದು ಉಂಡಿ ಎತ್ತಿ ಹುಡುಗಿಗೆ ಕೊಟ್ಟೆ. ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

"ಬ್ಯಾಡ ಚಿಗವ್ವಾ. ಹೋದ ಸೋಮವಾರ ನಾ ಕದ್ದು ಬೆಲ್ಲಾ ತಿಂದೆ. ಅದಕ್ಕ ನಾ ಬೆಳೀವಲ್ಲೆ."

ಬೆಳೆಯದ ತಪ್ಪನ್ನೂ ಅವಳ ತಲೆಗೇ ಕಟ್ಟಿದ್ದರು. ಜಗಳ ಮಾಡಿದರೆ ಅತ್ತೆ ಬಗ್ಗುವವರಲ್ಲ, ಹರಕೆ ಮುರಿದು ಹುಡುಗಿ ಉಣ್ಣುವವಳಲ್ಲ. ಹರಕೆಯನ್ನು ನಡುವೆ ಬಿಟ್ಟರೆ ದೋಷ, ದೇವರ ಮುಂದೆ ಹೋಗಿ ಮುಗಿಸಿದರೆ ದೋಷವಿಲ್ಲ. ಸರಿ, ಅವರ ಕಟ್ಟಳೆಯಿಂದಲೇ ಅವರನ್ನು ಕಟ್ಟಿದೆ. "ಉಳವಿಗೆ ಹೋಗೂಣು ಅತ್ತಿ, ಹರಕಿ ಮುಗಿಸಿ ಬರೂಣು," ಅಂದೆ. ಅಷ್ಟು ಹೆಂಗಸರ ಎದುರು ಉಳವಿಗೆ ಬೇಡ ಅನ್ನಲು ಅವರಿಗೆ ಬಾಯಿ ಬರಲಿಲ್ಲ.

ಮರುದಿನವೇ ಜೋಯಿಡಾ ಮೇಲೆ ಹಾಯ್ದು ಉಳವಿಗೆ ಹೋದೆವು. ಕಾಯಿ ಒಡೆಸಿ, ಹುಡುಗಿಯಿಂದ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿಸಿ, ಹರಕೆ ಮುಗಿಯಿತು ಅಂತ ಅತ್ತೆಯ ಬಾಯಿಂದಲೇ ಹೇಳಿಸಿದೆ. ಆಮೇಲೆ ಪ್ರಸಾದಕ್ಕೆ ಕೂತೆವು. ಹುಡುಗಿ ಅನ್ನ ಸಾರು ಮೂರು ಸಲ ಬಡಿಸಿಕೊಂಡಳು. ಕೈ ತೊಳೆಯುವಾಗ ಮೆಲ್ಲಗೆ, "ಚಿಗವ್ವಾ, ನಾಳಿನೂ ಉಣ್ಣಬೌದಾ?" ಅಂತ ಕೇಳಿದಳು. ನಾನು ಸೆರಗಿನಿಂದ ಅವಳ ಬಾಯಿ ಒರೆಸಿದೆ.

ಅತ್ತೆಯನ್ನು ಊರಿನ ಬಸ್ಸು ಹತ್ತಿಸಿ, ಹುಡುಗಿಯನ್ನು ಉಳವಿಯಿಂದ ನೇರ ದಾಂಡೇಲಿಗೆ, ನಮ್ಮ ಮನೆಗೇ ಕರೆತಂದೆ. ನನ್ನ ಗಂಡ ಮಿಲ್ಲಿನ ಶಿಫ್ಟಿಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ, ಜೊತೆಗೆ ಅವಳನ್ನೂ ಕೂರಿಸಿಕೊಂಡು ಉಣ್ಣುತ್ತಿದ್ದರು. ನಡುವಿನ ರೊಟ್ಟಿ, ಹೆಸರುಕಾಳು, ಶೇಂಗಾ ನನ್ನ ಪಾಲು. ಗುಳಿಗೆಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ತೂಕ ಏರಿತು. ವರ್ಷ ತಿರುಗುವುದರಲ್ಲಿ ಲಂಗ ಗಿಡ್ಡವಾಯಿತು. ವಾರಿಗೆಯವರಷ್ಟು ಎತ್ತರ ಅವಳು ಎಂದೂ ಆಗಲಿಲ್ಲ, ಆದರೆ ಉಳಿದಳು.

ಆ ಗಿಡ್ಡ ಲಂಗದಲ್ಲೇ ಅವಳನ್ನು ಅಜ್ಜಿಯ ಮನೆಗೆ ಕರೆದುಕೊಂಡು ಹೋದೆ, ಅತ್ತೆ ನೋಡಲಿ ಅಂತಲೇ. ಅತ್ತೆ ನೋಡಿದರು, ದೃಷ್ಟಿ ತೆಗೆದರು, ಓಣಿಯವರನ್ನೆಲ್ಲ ಕರೆದು ತೋರಿಸಿದರು. "ನೋಡ್ರಿ, ಸೋಮವಾರದ ಫಲ," ಅಂದರು. ನನ್ನ ಒಂದು ವರ್ಷದ ರೊಟ್ಟಿಗೆ ಅಲ್ಲಿ ಹೆಸರೇ ಇರಲಿಲ್ಲ.

ಒಬ್ಬ ಹೆಂಗಸು ಕಂಕುಳಲ್ಲಿ ಸೊರಗಿದ ಮೊಮ್ಮಗನನ್ನು ಎತ್ತಿಕೊಂಡು ಮುಂದೆ ಬಂದಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಹುಡುಗಿ ಹೇಳಿದಳು, "ಉಪಾಸದಿಂದ ಅಲ್ರಿ. ನಾ ಉಂಡು ಬೆಳದೇನಿ. ಅವಂಗ ಉಣ್ಣಾಕ ಕೊಡ್ರಿ."

ಆ ಹೆಂಗಸು ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ನಾಲಿಗಿ ಭಾಳ ಉದ್ದ ಆಗೇತಿ ಇಕಿದು," ಅಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, ಎಷ್ಟು ಸೋಮವಾರ ಹಿಡಿಸಬೇಕು ಅಂತ ಕೇಳಿದಳು.