ಬನ್ ಮಾಮನ ಎರಡು ಕೈ

ಅಕ್ಕನ ಗಂಡನಿಗೆ ಚರ್ಚಿನ ಮಕ್ಕಳು ಇಟ್ಟ ಹೆಸರು ಬನ್ ಮಾಮ. ಭಾವನದು ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ಭಾನುವಾರ ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುತ್ತಾರೆ. ಅಂದಿನ ಕಥೆಗೆ ತಕ್ಕ ಆಕಾರದ ಬನ್ನು ಮಾಡಿ ತರುವುದು ಅವರ ಪದ್ಧತಿ. ದೋಣಿಯ ಕಥೆಗೆ ದೋಣಿ, ಕುರಿಯ ಕಥೆಗೆ ಕುರಿ. ಆ ಕುರಿ ಎಷ್ಟೋ ಸಲ ಒಲೆಯೊಳಗೆ ಉಬ್ಬಿ ಹಂದಿಯಾಗಿ ಹೊರಬರುತ್ತಿತ್ತು. ಮಕ್ಕಳು ಅದನ್ನೂ ಬಿಡುತ್ತಿರಲಿಲ್ಲ.

ತೀರ ಚಿಕ್ಕವರನ್ನು ಸುಮ್ಮನಿರಿಸಲು ನಾನೂ ಆ ಕೋಣೆಯಲ್ಲಿ ಕೂರುತ್ತೇನೆ. ಕಥೆ ಹೇಳುವುದರಲ್ಲಿ ಭಾವನನ್ನು ಮೀರಿಸುವವರಿಲ್ಲ, ಒಪ್ಪಿಕೊಳ್ಳಬೇಕು. ಯೇಸು ಬಿರುಗಾಳಿಯನ್ನು ಗದರಿಸಿದ ಕಥೆಗೆ ಬೆಂಚಿನ ಕೆಳಗೆ ತೂರಿ ತಾವೇ ಅಲೆಯಾಗಿಬಿಡುತ್ತಾರೆ. ಕೊನೆಯ ಪ್ರಾರ್ಥನೆಯಲ್ಲಿ ಅವರ ಕಣ್ಣು ತುಂಬಿ ಬರುತ್ತದೆ. ಅದು ನಾಟಕದ ಕಣ್ಣೀರಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಯಾಕೆಂದರೆ, ನಾನೂ ಇರುವ ಅವರ ಮನೆಯ ಹೊಸಿಲು ದಾಟಿ ಒಳಬಂದರೆ ಅದೇ ಮನುಷ್ಯ ಬೇರೆ. ಏಳು ವರ್ಷದ ಮಗಳು ಪುಟ್ಟಿ ಹಾಲು ಚೆಲ್ಲಿದರೆ ಒಂದು ಏಟು, ಲೆಕ್ಕ ತಪ್ಪಿದರೆ ಇನ್ನೊಂದು. ಭಾವನ ಅಪ್ಪನದೂ ಹೊಡೆಯುವುದರಲ್ಲಿ ಕೈ ಮುಂದೆ. ಆ ಮನೆಯಿಂದ ತಪ್ಪಿಸಿಕೊಳ್ಳಲೆಂದೇ ಇವರು ಚಿಕ್ಕಂದಿನಲ್ಲಿ ಬೇಕರಿ ಸೇರಿದ್ದಂತೆ. ಏಟು ತಿಂದು ಓಡಿಬಂದವರಿಗೆ ಅದರ ಉರಿ ಮರೆತೇಹೋಯಿತೇ ಎಂದು ನನಗೆ ಆಶ್ಚರ್ಯ.

"ದಿನವಿಡೀ ಒಲೆ ಮುಂದೆ ನಿಂತಿರ್ತಾರೆ, ತಲೆ ಕಾದಿರುತ್ತೆ ಕಣೇ," ಎಂದು ಅಕ್ಕ ತೇಪೆ ಹಚ್ಚುತ್ತಾಳೆ.

"ಹಾಗಾದ್ರೆ ಒಲೇಗೇ ಹೊಡೀಲಿ," ಎಂದು ನಾನೂ ಅಂದದ್ದುಂಟು. ಅಡುಗೆಮನೆಯೊಳಗೆ, ಮೆಲ್ಲಗೆ.

ಆ ಭಾನುವಾರ, ಮನೆ ಬಿಟ್ಟುಹೋದ ಮಗನ ಕಥೆ. ಆಸ್ತಿಯಲ್ಲಿ ಪಾಲು ಕೇಳಿ ತೆಗೆದುಕೊಂಡು ಹೋದವನು ಎಲ್ಲವನ್ನೂ ಹಾಳುಮಾಡಿ ಹರಕು ಬಟ್ಟೆಯಲ್ಲಿ ಹಿಂದಿರುಗುತ್ತಾನೆ. ಬಯ್ಯಬೇಕಾದ ಅಪ್ಪ ಓಡಿಹೋಗಿ ತಬ್ಬಿಕೊಂಡು ಬೆರಳಿಗೆ ಉಂಗುರ ತೊಡಿಸುತ್ತಾನೆ. ಭಾವ ಉಂಗುರದಾಕಾರದ ಬನ್ನು ತಂದಿದ್ದರು.

"ದೇವರು ಅಂದ್ರೆ ಹೀಗೇ ಮಕ್ಕಳೇ. ನೀವು ಏನೇ ಮಾಡ್ಕೊಂಡು ಬನ್ನಿ, ಓಡಿ ಬಂದು ತಬ್ಕೋತಾನೆ. ಎಲ್ಲಿ, ಆಡಿ ತೋರಿಸೋಣ," ಎಂದು ಮಗಳನ್ನೇ ಕರೆದು ಬಾಗಿಲ ಬಳಿ ನಿಲ್ಲಿಸಿದರು. ತಾವು ಕೋಣೆಯ ಆ ಕೊನೆಗೆ ಹೋಗಿ, ಎರಡೂ ಕೈ ಚಾಚಿ, ನಗುತ್ತ ಓಡಿಬಂದರು.

ಪುಟ್ಟಿ ತಲೆಯನ್ನು ಕೈಗಳಿಂದ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿದಳು.

ಭಾವ ಗಕ್ಕನೆ ನಿಂತರು. ಚಾಚಿದ ಕೈ ಚಾಚಿದಂತೆಯೇ ಇತ್ತು.

"ಬನ್ ಮಾಮ, ಅವಳ್ಯಾಕೆ ತಲೆ ಮುಚ್ಕೊಂಡ್ಲು?" ಎಂದು ನನ್ನ ಪಕ್ಕದ ಪುಟಾಣಿ ಕೇಳಿತು. ಭಾವನ ಮುಖ ಕಪ್ಪಿಟ್ಟಿತು. ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಇವತ್ತಿಗೆ ಸಾಕು, ಮನೆಗೆ ಹೋಗಿ," ಎಂದರು. ಅಂದು ಪ್ರಾರ್ಥನೆಯೂ ಆಗಲಿಲ್ಲ.

ಆ ಸಂಜೆ ಅವರು ಊಟಕ್ಕೆ ಏಳಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಕರೆಯಲು ಹೋದೆ.

"ಇನ್ನು ನಾನು ಪಾಠಕ್ಕೆ ಹೋಗಲ್ಲ. ಚರ್ಚಿನ ಅಯ್ಯನವರಿಗೆ ಹೇಳ್ಬಿಡ್ತೀನಿ. ನಾಚಿಕೆ ಆಗುತ್ತೆ. ಆ ಮಕ್ಕಳ ಮುಖ ಹೇಗೆ ನೋಡ್ಲಿ?"

"ಆ ಮಕ್ಕಳ ಮುಖ ಇರ್ಲಿ ಭಾವ. ಚರ್ಚಿಂದ ಬರ್ತಾ ನಿಮ್ಮ ಮಗಳು ನನ್ನ ಏನು ಕೇಳಿದ್ಲು ಗೊತ್ತಾ? 'ಚಿಕ್ಕಮ್ಮ, ದೇವರು ಓಡಿ ಬಂದಾಗ್ಲೂ ತಲೆ ಮುಚ್ಕೋಬೇಕಾ?' ಅಂದ್ಲು."

ಚುಚ್ಚಲೆಂದೇ ಹೇಳಿದ್ದೆ. ಅದು ಇಷ್ಟು ಆಳಕ್ಕೆ ಇಳಿಯುತ್ತದೆ ಎಂದುಕೊಂಡಿರಲಿಲ್ಲ. ಅವರು ತೊಡೆಯ ಮೇಲಿದ್ದ ತಮ್ಮ ಕೈಗಳನ್ನೇ ನೋಡುತ್ತ ಕೂತರು. ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿತ್ತು.

ಮುಂದಿನ ಭಾನುವಾರ ಪಾಠಕ್ಕೆ ಬರಿಗೈಯಲ್ಲಿ ಬಂದರು. ಬನ್ನು ಇಲ್ಲವೆಂದು ಮಕ್ಕಳು ಗೊಣಗಿದರು. ಭಾವ ತಲೆಯೆತ್ತದೆಯೇ ಹೇಳಿದರು, "ಹೋದ ವಾರ ನಾನು ಅಪ್ಪನ ಪಾತ್ರ ಮಾಡ್ದೆ. ಅದು ನನ್ನ ಪಾತ್ರ ಅಲ್ಲ. ಮನೇಲಿ ನಾನು ಪುಟ್ಟಿಗೆ ಹೊಡೀತೀನಿ. ಹಾಲು ಚೆಲ್ಲಿದ್ದಕ್ಕೂ ಹೊಡ್ದಿದೀನಿ. ದೇವರು ನನ್ನ ಹಾಗಲ್ಲ ಮಕ್ಕಳೇ. ಎಲ್ಲಾ ಹಾಳುಮಾಡ್ಕೊಂಡು ಬಾಗಿಲಿಗೆ ಬಂದು ನಿಲ್ತಾನಲ್ಲ ಆ ಮಗ, ನಾನು ಅವನು."

ಹಾಗೆಂದವರೇ ಬಾಗಿಲ ಬಳಿ ಹೋಗಿ ಮೊಣಕಾಲೂರಿದರು. ಕಿವಿಯವರೆಗೂ ಕೆಂಪಾಗಿದ್ದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕದಾಗಿ ಕಂಡದ್ದನ್ನು ನಾನು ನೋಡಿರಲಿಲ್ಲ. ನೋಡಲಾಗದೆ ಒಂದು ಕ್ಷಣ ಕಿಟಕಿಯ ಕಡೆ ತಿರುಗಿದೆ.

"ಅಪ್ಪನ ತಪ್ಪು, ಪುಟ್ಟಿ. ಇನ್ನು ಹೊಡೆಯಲ್ಲ. ನೀನು ಬರ್ಲೇಬೇಕು ಅಂತೇನಿಲ್ಲ."

ಪುಟ್ಟಿ ಕಪ್ಪುಹಲಗೆಗೆ ಒರಗಿ ನಿಂತೇ ಇದ್ದಳು. ನನ್ನ ಪಕ್ಕದ ಪುಟಾಣಿಗೆ ತಡೆಯಲಾಗಲಿಲ್ಲ. "ಓಡೇ! ಕಥೇಲಿ ಓಡ್ಬೇಕು!"

"ನಾನು ನಡ್ಕೊಂಡೇ ಹೋಗ್ತೀನಿ," ಎಂದಳು ಪುಟ್ಟಿ.

ನಡೆದುಕೊಂಡೇ ಹೋದಳು. ಒಂದು ಮಾರು ದೂರದಲ್ಲಿ ನಿಂತು ಅಪ್ಪನ ಮುಖ ನೋಡಿದಳು. ಆಮೇಲೆ ಹತ್ತಿರ ಹೋಗಿ ಬಗ್ಗಿ ಅವರ ಎರಡೂ ಮಣಿಕಟ್ಟು ಹಿಡಿದು, ತೊಡೆಗೆ ಒತ್ತಿ, ಅವು ಮೇಲೇಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಅದಾದ ಮೇಲಷ್ಟೇ ಅವರ ಹೆಗಲಿಗೆ ತಲೆ ಇಟ್ಟಳು.

ಭಾವ ಅಲುಗಾಡಲಿಲ್ಲ. ಅವಳೂ ಕೈ ಬಿಡಲಿಲ್ಲ.